ಬಾಕಿ ನಾಲ್ಕು ಪೆನ್ನಿ

ಸೋಮವಾರ ಸೋಮವಾರ ವಿನಿಫ್ರೆಡ್ ಮೌನ್ಸಿ
ಕವಿಯ ಮಸಿಕುಡಿಕೆಗೆ ಹೊಸ ಮಸಿ ತುಂಬುತ್ತಾಳೆ.
ಒಣಗಿದ್ದರೆ ಬಂದವರಿಗೆ ಬೇಸರವಂತೆ.
ಈಗಷ್ಟೇ ಎದ್ದು ನೀರು ನೋಡಲು ಹೋದ ಹಾಗೆ
ಇರಬೇಕಂತೆ ಕುರ್ಚಿ, ತುಸು ವಾರೆಯಾಗಿ.
ನೂರಾ ಎಂಬತ್ತು ವರ್ಷದಿಂದ ವಾರೆಯಾಗಿಯೇ ಇದೆ.

ಊರು ಸ್ಕೆಲ್‌ಬೆಕ್. ಹದಿನೇಳು ಮನೆ, ಒಂದು ಇಗರ್ಜಿ,
ಎರಡು ಚಹಾದಂಗಡಿ, ಮರದ ದೋಣಿಕಟ್ಟೆ.
ಕೆರೆಯೆಂದರೆ ಏರಿಯಿಲ್ಲ, ತೂಬಿಲ್ಲ, ಅರಸ ಅಗೆಸಿದ್ದಲ್ಲ;
ಯಾವ ಕಾಲದಲ್ಲೋ ಮಂಜುಗಡ್ಡೆಯೊಂದು
ಬೆಟ್ಟದ ಬೆನ್ನು ಕೆರೆದು ಮಾಡಿದ ಗಾಯ.
ಕೆರೆದದ್ದಕ್ಕೇ ಕೆರೆಯಾಯಿತೇನೋ.

ಮಾಡುಗಳಿಗೆಲ್ಲ ಸ್ಲೇಟು ಹೊದಿಸಿದ್ದಾರೆ.
ಮಳೆ ಬಂದು ಏನೋ ಬರೆಯುತ್ತದೆ,
ಬಿಸಿಲು ಬಂದು ಒರೆಸುತ್ತದೆ.
ಇಲ್ಲಿ ಬರೆಯುವ ಕೆಲಸ ಮೊದಲಿಂದಲೂ ಮಳೆಯದೇ,
ಕವಿ ಬಂದದ್ದು ಆಮೇಲೆ.

ಬಸ್ಸಿಳಿದು ಬರುತ್ತಾರೆ, ಮಳೆಕೋಟು ಸರಬರ,
ಕಿಟಕಿಯ ಬಳಿ ನಿಂತು ನಿಟ್ಟುಸಿರು ಬಿಡುತ್ತಾರೆ.
ಗಾಜಿನ ಮೇಲೆ ಅವರ ಉಸಿರು ಬೆಳ್ಳಗೆ;
ಐದು ಗಂಟೆಗೆ ಅದನ್ನೂ ಒರೆಸುವವಳು ಇವಳೇ.
‘ಅವನು ನೀರದೇವತೆಯನ್ನು ಕಂಡ ಕಿಟಕಿ ಇದೇ ತಾನೆ?’
‘ಇದೇ,’ ಅನ್ನುತ್ತಾಳೆ. ಅನ್ನದಿದ್ದರೆ ಸಂಬಳವಿಲ್ಲ.

ಆ ಕವಿತೆ ಊರ ಮಕ್ಕಳಿಗೆಲ್ಲ ಬಾಯಿಪಾಠ:
ಮಂಜು ಹರಿಯುವ ಮುನ್ನ, ದಡದ ಕಲ್ಲಿನ ಮೇಲೆ
ಬಿಳಿಯ ರೆಕ್ಕೆ ಬಿಚ್ಚಿ ನಿಂತವಳು,
ಹೆಸರಿಲ್ಲದವಳು,
ಕರೆದರೆ ಕರಗಿದವಳು.

ಹೋದ ಚಳಿಗಾಲ, ಮನೆಗೆ ಬಾಗಿಲು ಹಾಕಿದ್ದ ತಿಂಗಳಲ್ಲಿ,
ಗೋಡೆಗೆ ತೇವ ಹತ್ತಿ ಅಡುಗೆಮನೆಯ ಕಪಾಟು ಸರಿಸಿದಾಗ
ಸಿಕ್ಕಿತು ಒಂದು ಲೆಕ್ಕದ ಪುಸ್ತಕ.
ಕವಿಯದಲ್ಲ, ಕವಿಯ ಹೆಂಡತಿಯದು.
ಮೇಣದ ಬತ್ತಿ ಮೂರು. ಓಟ್ಸ್ ಹಿಟ್ಟು.
ಕೆರೆಯ ಮೀನು ಎರಡು, ಒಂದು ತೀರಾ ಸಣ್ಣದು.
ಅದರ ಕೆಳಗೆ:
‘ಮೌನ್ಸಿಯ ಹುಡುಗಿ ಟೇಮರ್, ದುಪ್ಪಟಿ ಒಗೆದದ್ದಕ್ಕೆ
ನಾಲ್ಕು ಪೆನ್ನಿ. ಬಾಕಿ.’
ತಾರೀಕು, ಕವಿತೆಯ ಅಡಿಯಲ್ಲಿರುವ ತಾರೀಕೇ.

ಟೇಮರ್ ಎಂದರೆ ವಿನಿಫ್ರೆಡ್‌ಳ ಮುತ್ತಜ್ಜನ ಅತ್ತೆ.
ನೆಲದ ಮೇಲೇ ಕೂತಳು, ಪೊರಕೆ ಮಡಿಲಲ್ಲಿ.

ರವಿ ಕಾಣದ್ದನ್ನು ಕವಿ ಕಂಡ ಅನ್ನುತ್ತಾರಲ್ಲ,
ಕವಿ ಕಾಣದ್ದು ದುಪ್ಪಟಿಗೆ ಗೊತ್ತಿತ್ತು:
ಯಾವ ರಾತ್ರಿ ಜ್ವರ, ಯಾವ ರಾತ್ರಿ ಮದ್ಯ,
ಎಲ್ಲಿ, ಹುಟ್ಟದೆ ಹೋದ ಕೂಸಿನ ಕಲೆ.
ಅಷ್ಟನ್ನೂ ಹೊತ್ತು ನೀರಿಗಿಳಿದಳು ಹುಡುಗಿ.
ಜರಿಗಿಡದ ಬೂದಿಯಲ್ಲಿ ಉಜ್ಜಿ, ಕೊರೆವ ನೀರಲ್ಲಿ ಜಾಲಿಸಿ,
ಹಿಂಡಿ, ಎರಡೂ ಕೈ ಅಗಲಿಸಿ ಒಮ್ಮೆ ಕೊಡವಿದಳು.
ಅದೇ ರೆಕ್ಕೆ.
ಕರೆದದ್ದು ಕೇಳಲಿಲ್ಲವೇನೋ, ಕಿವಿತುಂಬ ಗಾಳಿ.
ಅಥವಾ ಕೇಳಿಯೂ,
ಇನ್ನೊಂದು ಹೊರೆ ಕೊಟ್ಟಾರೆಂದು ಜಾಗ ಬಿಟ್ಟಳೋ.

ಲಾಂಚು ನಡೆಸುವ ತಮ್ಮ ಎಫ್ರೇಮ್ ಬಿದ್ದು ಬಿದ್ದು ನಕ್ಕ:
‘ಬಡ್ಡಿ ಸೇರಿಸಿದರೆ ಮನೆಯೇ ನಮ್ಮದಾದೀತು ಕಣೇ.’
ಇವಳು ನಗಲಿಲ್ಲ.
ಬಾಗಿಲ ಬಳಿಯ ದೇಣಿಗೆಯ ಬೋಗುಣಿಗೆ ಕೈಹಾಕಿ
ಕುರಿ ಎಣಿಸುವ ಹಳೆಯ ಎಣಿಕೆಯಲ್ಲಿ
ಯಾನ್, ಟಾನ್, ಟೆದರ, ಮೆದರ,
ಅಪ್ಪ ಮಂದೆಯ ಮುಂದೆ ನಿಂತು ಹೇಳುತ್ತಿದ್ದ ಹಾಗೆ,
ನಾಲ್ಕು ನಾಣ್ಯ ಎಣಿಸಿದಳು.
ಹೊತ್ತು ಹೋಯಿತು, ಅಂಗೈ ಬೆಚ್ಚಗಾಯಿತು.
ಮತ್ತೆ ಬೋಗುಣಿಗೇ ಹಾಕಿದಳು.
ಈಗಿನ ಪೆನ್ನಿ ಬೇರೆ, ಆಗಿನ ಪೆನ್ನಿ ಬೇರೆ.

ಪುಸ್ತಕ ಮೇಲಿನವರಿಗೆ ಇನ್ನೂ ತೋರಿಸಿಲ್ಲ.
ತೋರಿಸಿದರೆ ಗಾಜಿನ ಪೆಟ್ಟಿಗೆ, ಪುಟ್ಟ ದೀಪ,
ಕೆಳಗೆ ಚೀಟಿ; ಬಾಕಿಯೂ ಪ್ರದರ್ಶನಕ್ಕೆ.
ಹಿಟ್ಟಿನ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಹಿಂದೆಯೇ ಇಟ್ಟಿದ್ದಾಳೆ.

ಏಪ್ರಿಲಿಗೆ ಬಾಗಿಲು ತೆರೆಯಿತು. ಬಸ್ಸು, ಕೋಟು, ನಿಟ್ಟುಸಿರು.
‘ಇದೇ ತಾನೆ ಕಿಟಕಿ?’
‘ಇದೇ,’ ಎಂದಳು ವಿನಿಫ್ರೆಡ್ ಮೌನ್ಸಿ, ಒರೆಸುವುದು ನಿಲ್ಲಿಸಿ.
‘ಮಂಜು ಹರಿದ ಮೇಲೆ ಬಿಸಿಲು ಬಂದಿರಬೇಕು.
ಬಂದಿದ್ದರೆ, ಬಟ್ಟೆ ಬೇಗ ಒಣಗಿರುತ್ತದೆ.’